ಪ್ರಾಕ್ಟೀಸ್‌ಗೆ ಇಳಿಯುವ ಮೊದಲು ಕೈಗೆ ಹತ್ತಿರಬೇಕಾದ ಕೆಲಸ ಯಾವುದು?

ಪ್ರಶ್ನೆ: ಪಶುವೈದ್ಯಕೀಯ ಡಿಗ್ರಿ ಮುಗಿದಿದೆ, ಮುಂದಿನ ತಿಂಗಳಿಂದ ಹಸು-ಎಮ್ಮೆಗಳ ಪ್ರಾಕ್ಟೀಸ್. ಥಿಯರಿ ಪರವಾಗಿಲ್ಲ, ಕೈಕೆಲಸದ್ದೇ ಭಯ. ಒಬ್ಬರೇ ಕೇಸಿಗೆ ಹೋಗುವ ಮುಂಚೆ ಯಾವುದು ಪಳಗಿರಬೇಕು?

ಉತ್ತರ 1: ಹಾಲುಜ್ವರಕ್ಕೆ (ಕರು ಹಾಕಿದ ಆಸುಪಾಸಿನಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಹಸು ನೆಲ ಹಿಡಿಯುವ ಕಾಯಿಲೆ) ಕ್ಯಾಲ್ಸಿಯಂ ಕೊಡುವುದು. ಬಾಟಲಿಯನ್ನು ಮೈಬಿಸಿಗೆ ತಂದುಕೊಳ್ಳಿ. ಹಸು ಮಗ್ಗುಲಾಗಿ ಬಿದ್ದಿದ್ದರೆ ಮೊದಲು ಎದೆಯ ಮೇಲೆ ಕೂರಿಸಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೂ ಹೋಗಬಹುದು. 14 ಗೇಜ್‌ನ ದಪ್ಪ ಸೂಜಿ ಕತ್ತಿನ ರಕ್ತನಾಳಕ್ಕೆ ಪೂರ್ತಿ ಇಳಿದು, ರಕ್ತ ಸರಾಗವಾಗಿ ಸುರಿದ ಮೇಲೆಯೇ ಡ್ರಿಪ್ ಜೋಡಿಸಿ. 450 ಎಂಎಲ್‌ಗೆ 15 ನಿಮಿಷವಾದರೂ ಹಿಡಿಯಲಿ. ಸ್ಟೆತಾಸ್ಕೋಪ್ ಎದೆಯಿಂದ ತೆಗೆಯಬೇಡಿ. ಬಡಿತ ತಪ್ಪಿದರೆ, ಏಕಾಏಕಿ ನಿಧಾನವಾದರೆ ತಕ್ಷಣ ನಿಲ್ಲಿಸಿ. ಅವಸರ ಮಾಡಿದರೆ ಹೃದಯವೇ ನಿಂತೀತು. ನುಂಗಲಾಗದ ಹಸುವಿನ ಬಾಯಿಗೆ ಏನನ್ನೂ ಹುಯ್ಯಬೇಡಿ.

ಉತ್ತರ 2: ನನ್ನ ಓಟು ಕಷ್ಟದ ಹೆರಿಗೆಗೆ. ಕೈಗೆ ಸಿಕ್ಕಿದ್ದು ಮುಂಗಾಲೋ ಹಿಂಗಾಲೋ? ಗೊರಸಿನ ಮೇಲಿನ ಎರಡು ದೊಡ್ಡ ಕೀಲುಗಳು ಒಂದೇ ಕಡೆ ಬಾಗಿದರೆ ಮುಂಗಾಲು, ವಿರುದ್ಧ ದಿಕ್ಕಿಗೆ ಬಾಗಿದರೆ ಹಿಂಗಾಲು. ಎರಡೂ ಕಾಲು ಒಂದೇ ಕರುವಿನವೇ ಅಂತ ಮೈವರೆಗೆ ಕೈ ಹಾಯಿಸಿ ನೋಡಿ, ಅವಳಿಯಿದ್ದರೆ ಮೋಸ ಹೋಗುತ್ತೀರಿ. ತಲೆ ಹಿಂದಕ್ಕೆ ತಿರುಗಿದ್ದರೆ ಸರಿಪಡಿಸದೆ ಎಳೆಯಲೇಬೇಡಿ. ಹಗ್ಗ ಮೊದಲ ಕೀಲಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು. ಒಂದೇ ಸುತ್ತಾದರೆ ಭಾರವೆಲ್ಲ ಅಲ್ಲೇ ಬಿದ್ದು ಮೂಳೆ ಮುರಿಯುವ ಅಪಾಯ ಹೆಚ್ಚು. ಎರಡು ಕಾಲನ್ನೂ ಒಟ್ಟಿಗೆ ಎಳೆಯದೆ ಒಂದಾದ ಮೇಲೊಂದು ಎಳೆಯಿರಿ, ಭುಜ ಓರೆಯಾಗಿ ಹೊರಬರುತ್ತದೆ.

ಪ್ರಶ್ನೆ ಕೇಳಿದವರು: ಜಾರಿಕೆಗೆ ಸೋಪುನೀರು ಸಾಕಾ ಸರ್?

ಉತ್ತರ 2: ಬೇಡ. ಸೋಪು ಅಲ್ಲಿನ ಸಹಜ ಜಾರಿಕೆಯನ್ನೇ ತೊಳೆದುಬಿಡುತ್ತದೆ. ಜೆಲ್ ಒಯ್ಯಿರಿ, ಅದರಲ್ಲಿ ಜಿಪುಣತನ ಮಾಡಬೇಡಿ.