ಬೋಟಿನ ತೇಗದ ಪ್ಲಾಟ್‌ಫಾರ್ಮ್ ಕಪ್ಪಾಗಿ ಅಂಟಂಟಾಗಿದೆ, ಮೇಲೆ ಇನ್ನೊಂದು ಕೋಟ್ ಸೀಲರ್ ಹೊಡೆಯಲಾ?

ಹಿನ್ನೀರು ಹೈದ:
ನಮಸ್ಕಾರ. ಕಬಿನಿ ಹಿನ್ನೀರಿನ ಕಡೆ ಒಂದು ಫೈಬರ್ ಬೋಟ್ ನೋಡಿಕೊಳ್ಳುತ್ತಿದ್ದೇನೆ. ಹಿಂದುಗಡೆ ತೇಗದ ಪಟ್ಟಿಗಳ ಸ್ವಿಮ್ ಪ್ಲಾಟ್‌ಫಾರ್ಮ್ ಇದೆ. ಹೆಸರಿಗಷ್ಟೇ ಸ್ವಿಮ್, ಮೊಸಳೆ ಇರುವ ನೀರಿನಲ್ಲಿ ಯಾರು ಈಜುತ್ತಾರೆ, ಜನ ಹತ್ತಿ ಇಳಿಯೋಕೆ ಅದು. ಮಳೆಗಾಲಕ್ಕೆ ಮುಂಚೆ ಆಚಾರ್ರು ಬಂದು ಸಡಿಲ ಆಗಿದ್ದ ಸ್ಕ್ರೂ ಬದಲಾಯಿಸಿ, ಅಗಸೆ ಎಣ್ಣೆ ದಪ್ಪಗೆ ಹಚ್ಚಿ, ಅದರ ಮೇಲೆ ಸೀಲರ್ (ಮರ ನೀರು ಕುಡಿಯದ ಹಾಗೆ ಹಚ್ಚೋ ದ್ರವ) ಹೊಡೆದು ಹೋದರು. ಈಗ ಬಿಸಿಲಿಗೆ ಕಾಲಿಟ್ಟರೆ ಅಂಟುತ್ತದೆ. ಎಲ್ಲಾ ಕಡೆ ಕಪ್ಪು ಚುಕ್ಕೆ, ಸ್ಕ್ರೂ ಸುತ್ತ ಬೇರೆ ಕಪ್ಪು ಉಂಗುರ. ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತಾ? ಇಲ್ಲ ವಾರ್ನಿಶ್ ಹಾಕಲಾ?

ಉಳಿಬಾಚಿ:
ಎರಡೂ ಬೇಡ ಸಾರ್. ವಾರ್ನಿಶ್ ಅಂತೂ ಬೇಡವೇ ಬೇಡ, ಒದ್ದೆ ಕಾಲಿಗೆ ಜಾರುತ್ತದೆ, ಆಮೇಲೆ ನೀರು ಅಡಿಯಿಂದ ನುಗ್ಗಿ ಹಪ್ಪಳದ ಹಾಗೆ ಎದ್ದು ಬರುತ್ತದೆ.

ನಿಮ್ಮದು ಎರಡು ಬೇರೆ ಬೇರೆ ಕಪ್ಪು ಅನ್ನಿಸುತ್ತಿದೆ. ಚುಕ್ಕೆ ಬೂಷ್ಟು, ಅಗಸೆ ಎಣ್ಣೆ ಅದಕ್ಕೆ ಒಳ್ಳೆ ಊಟ. ಉಂಗುರ ಕಬ್ಬಿಣದ ಕಲೆ, ಮರದಲ್ಲಿರೋ ಟ್ಯಾನಿನ್ ಅನ್ನೋ ಒಗರು ಪದಾರ್ಥದ ಜೊತೆ ಒದ್ದೆ ಕಬ್ಬಿಣ ಸೇರಿದರೆ ಹಾಗೆಯೇ ಆಗೋದು. ಗ್ಯಾರಂಟಿ ಬೇಕಾದರೆ ಸೀಲರ್ ಕೆರೆದ ಜಾಗದಲ್ಲಿ ಬ್ಲೀಚ್ ನೀರು ಒಂದು ತೊಟ್ಟು ಬಿಡಿ. ಒಂದೆರಡು ನಿಮಿಷದಲ್ಲಿ ಬಿಳಿಚಿಕೊಂಡರೆ ಬೂಷ್ಟು, ಹಾಗೇ ಉಳಿದರೆ ಕಬ್ಬಿಣ. ಸ್ಕ್ರೂಗೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಆಚಾರ್ರು ಮನೆ ಬಾಗಿಲಿಗೆ ಹಾಕೋ ಸ್ಕ್ರೂ ಹಾಕಿದ್ದಾರೆ ಅಂತಲೇ ಅರ್ಥ.

ಹಿನ್ನೀರು ಹೈದ:
ಅಯಸ್ಕಾಂತ ಟಪ್ ಅಂತ ಕೂತಿತು! ಚುಕ್ಕೆ ಬ್ಲೀಚಿಗೆ ಹೋಯಿತು, ಉಂಗುರ ಜಗ್ಗಲಿಲ್ಲ. ಮುಂದೆ?

ಉಳಿಬಾಚಿ:
ಮೊದಲು ಪ್ಲಾಟ್‌ಫಾರ್ಮ್ ಬಿಚ್ಚಿ ದಡಕ್ಕೆ ತನ್ನಿ. ಕೆಮಿಕಲ್ಲು ಹೊಳೆಗೂ ಹೋಗಲ್ಲ, ಬೋಟಿನ ಫೈಬರ್ ಮೇಲೂ ಇಳಿಯಲ್ಲ. ಅಂಟನ್ನು ಪೇಂಟ್ ರಿಮೂವರ್ ಹಾಕಿ ಕೆರೆಯಿರಿ, ಸುಮ್ನೆ ಸ್ಯಾಂಡ್ ಪೇಪರ್ ಹಿಡಿದರೆ ಪೇಪರೇ ಮೆತ್ತಿಕೊಳ್ಳುತ್ತದೆ. ಬೂಷ್ಟಿಗೆ ಬ್ಲೀಚ್ ಹಾಕಿ ತೊಳೆದು ಒಣಗಿಸಿ. ಆಮೇಲೆ ಬೇರೆ ದಿನ ಉಂಗುರಕ್ಕೆ ಆಕ್ಸಾಲಿಕ್ ಆಸಿಡ್ ಹರಳು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿ, ಚೆನ್ನಾಗಿ ತೊಳೆಯಿರಿ. ಬ್ಲೀಚೂ ಆಸಿಡ್ಡೂ ಯಾವತ್ತೂ ಒಟ್ಟಿಗೆ ಸೇರಬಾರದು, ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೇ ಕುತ್ತು. ಕೈಗವಸು, ಕನ್ನಡಕ ಬೇಕೇ ಬೇಕು.

ತಿಕ್ಕೋಕೆ ತೆಂಗಿನ ನಾರಿನ ಬ್ರಷ್ ಸಾಕು, ಅದೂ ಮರದ ಎಳೆಗೆ ಅಡ್ಡವಾಗಿ. ಪಾತ್ರೆ ತಿಕ್ಕೋ ಸ್ಟೀಲ್ ನಾರು ಬೇಡ, ಅದರ ಚೂರು ಮರದಲ್ಲಿ ಉಳಿದರೆ ಮತ್ತೆ ಕಪ್ಪು ಚುಕ್ಕೆ ಶುರು. ಪ್ರೆಷರ್ ವಾಷರ್ ಮೆತ್ತಗಿನ ಎಳೆಯನ್ನೆಲ್ಲ ಕಿತ್ತು ಗೀರು ಬೀಳಿಸುತ್ತದೆ.

ಸಕ್ಕರೆ ನಾಡು:
ಮಧ್ಯೆ ಬಾಯಿ ಹಾಕ್ತೀನಿ. ಇಷ್ಟೆಲ್ಲ ಮಾಡಿದ ಮೇಲೆ ಸೀಲರ್ ಯಾಕೆ ಬೇಕು? ತೇಗ ಹಾಗೇ ಬಿಟ್ಟರೆ ಬಿಸಿಲಿಗೆ ಬೆಳ್ಳಿ ಬೂದು ಬಣ್ಣ ಆಗುತ್ತದೆ. ಅದು ಕೊಳೆತದ್ದಲ್ಲ, ಮೇಲಿನ ಪದರ ಬಣ್ಣ ಬಿಟ್ಟದ್ದು ಅಷ್ಟೇ. ಕಾಲಿಗೂ ಒಳ್ಳೆ ಹಿಡಿತ.

ಉಳಿಬಾಚಿ:
ನಿಜ, ನನ್ನದೇ ಬೋಟ್ ಆಗಿದ್ದರೆ ಹಾಗೇ ಬಿಡುತ್ತಿದ್ದೆ. ಮಾಲೀಕರಿಗೆ ಹೊಂಬಣ್ಣವೇ ಬೇಕು ಅಂದರೆ ಮಾತ್ರ ಸೀಲರ್, ಅದನ್ನು ಆಗಾಗ ಹಚ್ಚುತ್ತಲೇ ಇರಬೇಕಾಗುತ್ತದೆ ಅಂತಲೂ ಹೇಳಿಬಿಡಿ.

ಹಿನ್ನೀರು ಹೈದ:
ಕೇಳಿದೆ. ಹೊಳೆಯಲೇಬೇಕಂತೆ, ಗೆಸ್ಟ್ ಫೋಟೋ ತೆಗೀತಾರಂತೆ.

ಉಳಿಬಾಚಿ:
ಸರಿ ಹಾಗಾದರೆ. ಮರ ಒಳಗೂ ಒಣಗಬೇಕು, ಮೇಲೆ ಮುಟ್ಟಿ ನೋಡಿ ಆಯ್ತು ಅನ್ನಬೇಡಿ. ಮಳೆ ಪೂರ್ತಿ ನಿಂತು ಫೆಬ್ರವರಿ ಬಿಸಿಲು ಬರೋವರೆಗೆ ಕಾದರೆ ಇನ್ನೂ ಒಳ್ಳೇದು. 80 ನಂಬರ್, ಆಮೇಲೆ 120 ನಂಬರಿನ ಸ್ಯಾಂಡ್ ಪೇಪರ್ ಸಾಕು, ಅದಕ್ಕಿಂತ ನಯ ಮಾಡಿದರೆ ಜಾರುತ್ತದೆ. ಸೀಲರಿಗೆ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ತೇಗದ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಆದ್ದರಿಂದ ಜಾಸ್ತಿ ಹೊತ್ತು ಬಿಡಬೇಡಿ. ತೆಳುವಾಗಿ ಹಚ್ಚಿ, ಮರ ಕುಡಿಯದೆ ಉಳಿದದ್ದನ್ನು ಒರೆಸಿಬಿಡಿ. ಪಟ್ಟಿಯ ಕೊಯ್ದ ತುದಿ ಮತ್ತು ಅಡಿಭಾಗವನ್ನು ಮರೆಯಬೇಡಿ, ನೀರು ಜಾಸ್ತಿ ಹೀರೋದು ಆ ತುದಿಯೇ. ಆ ಕಬ್ಬಿಣದ ಸ್ಕ್ರೂ ಬದಲಿಗೆ 316 ಸ್ಟೇನ್‌ಲೆಸ್ (ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲ್) ಸ್ಕ್ರೂ ತಗೊಳ್ಳಿ.

ಇನ್ನೊಂದು ಮಾತು, ಆಚಾರ್ರು ಬಿಟ್ಟುಹೋದ ಅಗಸೆ ಎಣ್ಣೆ ಇನ್ನೂ ಅಲ್ಲಿದ್ದು ಯಾರಾದರೂ ಬಳಸಿದರೆ, ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ನೀರಲ್ಲಿ ಅದ್ದಿ ಹೊರಗೆ ಬಿಡಿಸಿ ಹರವಿ.