ವಿಕಲಚೇತನರೂ ಸೇರಿ ಕಲಿಯುವ ಕಲಾ ತರಗತಿ: ಶಿರಸಿಯಲ್ಲಿ ಯಾವ ಕಲೆಯಿಂದ ಆರಂಭಿಸಬಹುದು?

ಪ್ರಶ್ನೆ – ಶಿರಸಿಯ ಯುವಕ ಮಂಡಳದವ

ಮಳೆಗಾಲ ಮುಗಿದ ಬಳಿಕ ನಮ್ಮ ಮಂಡಳದ ಸಭಾಭವನದಲ್ಲಿ ವಾರಕ್ಕೊಮ್ಮೆ ಕಲಾ ತರಗತಿ ನಡೆಸಬೇಕೆಂದಿದ್ದೇವೆ. ಹೆಸರು ಕೊಟ್ಟವರಲ್ಲಿ ದೃಷ್ಟಿಯಿಲ್ಲದ ಒಬ್ಬ ಕಾಲೇಜು ವಿದ್ಯಾರ್ಥಿನಿ, ಗಾಲಿಕುರ್ಚಿ ಬಳಸುವ ನಿವೃತ್ತ ಶಿಕ್ಷಕರು, ಕಿವಿ ಕೇಳಿಸದ ಇಬ್ಬರು ಸಹೋದರರು ಹಾಗೂ ಬೌದ್ಧಿಕ ಅಸಾಮರ್ಥ್ಯವಿರುವ ಒಬ್ಬ ಬಾಲಕ ಇದ್ದಾರೆ; ಉಳಿದವರು ಊರಿನ ಸಾಮಾನ್ಯ ಆಸಕ್ತರು. ಡಿಸೆಂಬರ್ 3ರ ವಿಕಲಚೇತನರ ದಿನದಂದು ಶಾಲು ಹೊದೆಸಿ, ಹಣ್ಣು ಕೊಟ್ಟು, ಭಾಷಣ ಮಾಡಿ ಕಳುಹಿಸುವ ಕಾರ್ಯಕ್ರಮ ನಮಗೆ ಬೇಡ. ಎಲ್ಲರೂ ಒಟ್ಟಿಗೆ ಕಲಿತು ಒಂದು ದಿನ ಊರೆದುರು ಪ್ರದರ್ಶನ ಕೊಡುವಂತಾಗಬೇಕು ಎಂಬುದು ನಮ್ಮ ಆಸೆ. ಯಾವ ಕಲೆಯನ್ನು ಆರಿಸಿಕೊಳ್ಳುವುದು ಸೂಕ್ತ? ಇವರಿಗೆಂದೇ ಪ್ರತ್ಯೇಕ ತರಗತಿ ಬೇಕೆ? ನಮ್ಮ ವೇದಿಕೆ ಮೂರು ಅಡಿ ಎತ್ತರವಿದ್ದು, ಮೆಟ್ಟಿಲು ಮಾತ್ರ ಇದೆ ಎಂಬುದನ್ನೂ ಗಮನಿಸಿ ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ – ಹೊನ್ನಾವರದ ಹಿಮ್ಮೇಳದವ

ನನ್ನ ಆಯ್ಕೆ ತಾಳಮದ್ದಳೆ, ಅಂದರೆ ಯಕ್ಷಗಾನದ ಹಾಡು-ಮಾತಿನ ರೂಪ. ವೇಷವಿಲ್ಲ, ಕುಣಿತವಿಲ್ಲ, ಕಲಾವಿದರೆಲ್ಲರೂ ಕುಳಿತೇ ನಡೆಸುವ ಕಲೆ ಇದು. ಹೀಗಾಗಿ ಗಾಲಿಕುರ್ಚಿಯಲ್ಲಿರುವ ಶಿಕ್ಷಕರು ಅರ್ಥಧಾರಿಯಾಗಿ, ಅಂದರೆ ಪಾತ್ರದ ಮಾತು (ಅರ್ಥ) ಆಡುವವರಾಗಿ ಕುಳಿತರೆ ಅವರಿಗಾಗಿ ಕಲೆಯ ಯಾವ ಅಂಗವನ್ನೂ ಬದಲಿಸಬೇಕಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಯಕ್ಷಗಾನ ಕಲಿಸಬಲ್ಲವರಿಗೆ ಬರವೂ ಇಲ್ಲ. 1934ರಲ್ಲಿ ಸ್ಥಾಪನೆಯಾದ ಕೆರೆಮನೆ ಮೇಳ ಇಲ್ಲೇ ಗುಣವಂತೆಯಲ್ಲಿದ್ದು, ಅಲ್ಲಿ ತರಬೇತಿ ಕೇಂದ್ರವೂ ನಡೆಯುತ್ತಿದೆ.

ದೃಷ್ಟಿಯಿಲ್ಲದ ವಿದ್ಯಾರ್ಥಿನಿಯನ್ನು ಹಿಂದೆಮುಂದೆ ನೋಡದೆ ಭಾಗವತಿಕೆಗೆ, ಅಂದರೆ ಪದ್ಯ ಹಾಡಲು ಕೂರಿಸಿ. ಪ್ರಸಂಗದ ಪದ್ಯಗಳನ್ನು ಧ್ವನಿಮುದ್ರಿಸಿ ಕೊಟ್ಟರೆ ಬಾಯಿಪಾಠವಾಗುತ್ತದೆ. ಕನ್ನಡ ಬ್ರೈಲ್ ಬಲ್ಲವರಾದರೆ ತಾವೇ ಬರೆದಿಟ್ಟುಕೊಳ್ಳುತ್ತಾರೆ. ನಿಜವಾದ ತೊಡಕು ಇರುವುದು ಸನ್ನೆಗಳಲ್ಲಿ. ಪದ್ಯ ಮುಗಿಸುವಾಗ ಭಾಗವತರು ಮದ್ದಳೆಯವರತ್ತ ನೋಡುವುದು, ಅರ್ಥಧಾರಿ ಮಾತು ಮುಗಿಸುವಾಗ ಭಾಗವತರತ್ತ ತಿರುಗುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಇವುಗಳನ್ನು ಕಿವಿಗೆ ಸಿಗುವಂತೆ ಮಾರ್ಪಡಿಸಬೇಕು: ಅರ್ಥ ಮುಗಿಯುತ್ತಿದೆ ಎನ್ನಲು ಒಂದು ನಿಶ್ಚಿತ ಮಾತು, ಏರುಪೇರಿಗೆ ಮದ್ದಳೆಯ ಒಂದು ಗೊತ್ತಾದ ನುಡಿತ. ಮದ್ದಳೆಗಾರರು ಭಾಗವತರ ಮೊಣಕೈಗೆ ತಾಗುವಷ್ಟು ಹತ್ತಿರ ಕುಳಿತರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಇದನ್ನು ಆ ಒಬ್ಬರಿಗೆ ಹೇಳಿಕೊಟ್ಟರೆ ಸಾಲದು, ಇಡೀ ತಂಡ ಅಭ್ಯಾಸ ಮಾಡಬೇಕು. ಪ್ರತ್ಯೇಕ ತರಗತಿ ಬೇಡವೆನ್ನಲು ನನ್ನ ಮುಖ್ಯ ಕಾರಣವೂ ಅದೇ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸಿಕೊಳ್ಳಿ. ಸ್ವತಃ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ಬೆಳೆಸಿದರು. ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿಂದ ಬಂದವರ ಹಾಡನ್ನು ಜನ ಕೇಳಿದ್ದು ಸಂಗೀತಕ್ಕಾಗಿ, ಅನುಕಂಪದಿಂದಲ್ಲ.

ಉತ್ತರ – ಕುಮಟಾದ ವಿಶೇಷ ಶಿಕ್ಷಕಿ

ಮೇಲಿನ ಸಲಹೆ ಚೆನ್ನಾಗಿದೆ, ಆದರೆ ಆ ಇಬ್ಬರು ಸಹೋದರರನ್ನು ಅದು ಹೊರಗೆ ನಿಲ್ಲಿಸುತ್ತದೆ. ತಾಳಮದ್ದಳೆಯ ಜೀವವೇ ಆಶುಮಾತು. ವಾಲಿಯೂ ರಾಮನೂ ವಾದಕ್ಕಿಳಿದರೆ ಮುಂದಿನ ಮಾತು ಏನೆಂದು ಅವರಿಗೇ ತಿಳಿದಿರುವುದಿಲ್ಲ. ಅಂಥದ್ದನ್ನು ಸಂಜ್ಞಾಭಾಷೆಗೆ ತರುವುದು ನುರಿತ ದುಭಾಷಿಗಳಿಗೂ ಕಷ್ಟ, ಅಂಥವರು ನಮ್ಮ ತಾಲೂಕುಗಳಲ್ಲಿ ಸಿಗುವುದಂತೂ ಇನ್ನೂ ಕಷ್ಟ. ಜೊತೆಗೆ, ಕಿವಿ ಕೇಳಿಸದವರೆಲ್ಲರಿಗೂ ಭಾರತೀಯ ಸಂಜ್ಞಾಭಾಷೆ ಬರುತ್ತದೆ ಎಂದುಕೊಳ್ಳಬೇಡಿ. ಮನೆಯವರೊಂದಿಗೆ ಬಳಸುವ ಸನ್ನೆಗಳಷ್ಟೇ ಗೊತ್ತಿರುವವರೂ ಇದ್ದಾರೆ. ಮೊದಲು ಅವರನ್ನೇ ಕೇಳಿ ತಿಳಿದುಕೊಳ್ಳಿ.

ತಾಳಮದ್ದಳೆಯ ಜೊತೆಗೇ ಕಾವಿ ಕಲೆಯನ್ನೂ ಇಟ್ಟುಕೊಳ್ಳಬಹುದು. ಶಿರಸಿಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ, ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲೇ ಇದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಕಂಠ ಎಂಬ ಮೊನಚಾದ ಲೋಹದ ಕಡ್ಡಿಯಿಂದ ಕೆರೆದರೆ ಕೆಳಗಿನ ಬಿಳುಪು ಚಿತ್ರವಾಗಿ ಮೂಡುತ್ತದೆ. ವಿವರಣೆ ಹೆಚ್ಚು ಬೇಕಿಲ್ಲ, ಒಬ್ಬರು ಮಾಡಿ ತೋರಿಸಿದರೆ ಸಾಕು. ಕೆರೆದ ಗೆರೆ ತಗ್ಗಾಗಿ ಉಳಿಯುವುದರಿಂದ ಒಣಗಿದ ಮೇಲೆ ಬೆರಳಿಂದ ಮುಟ್ಟಿಯೂ ಚಿತ್ರವನ್ನು ಗುರುತಿಸಬಹುದು. ಆ ವಿದ್ಯಾರ್ಥಿನಿಗೂ ಅದರಲ್ಲಿ ಪಾಲು ಸಿಗುತ್ತದೆ. ದೇವಸ್ಥಾನದ ಹಳೆಯ ಗೋಡೆಯನ್ನು ಯಾರೂ ಮುಟ್ಟಬಾರದು, ಅಭ್ಯಾಸಕ್ಕೆ ಹಲಗೆಯ ಮೇಲೆ ಗಾರೆ ಹಾಕಿಕೊಳ್ಳಿ. ಅಂಥ ಹಲಗೆಗಳೇ ತಾಳಮದ್ದಳೆಯ ದಿನ ಹಿನ್ನೆಲೆಯಾದರೆ ಎರಡು ಗುಂಪುಗಳ ಕೆಲಸವೂ ಒಂದೇ ಪ್ರದರ್ಶನದಲ್ಲಿ ಕೂಡುತ್ತದೆ.

ಬಾಲಕನ ವಿಷಯದಲ್ಲಿ ಒಂದು ಎಚ್ಚರಿಕೆ. ಮುಚ್ಚಿದ ಸಭಾಭವನದಲ್ಲಿ ಚಂಡೆಯ ಸದ್ದು ಕೆಲವು ಮಕ್ಕಳಿಗೆ ತಡೆಯಲಾರದ ಹಿಂಸೆ. ಆರಂಭದ ವಾರಗಳಲ್ಲಿ ಮದ್ದಳೆ, ತಾಳ ಸಾಕು. ಬೇಕೆನಿಸಿದಾಗ ಎದ್ದು ಹೋಗಿ ಕುಳಿತುಕೊಳ್ಳಲು ಪಕ್ಕದಲ್ಲಿ ಒಂದು ಶಾಂತ ಕೋಣೆ ಇರಲಿ, ಹೋಗಿದ್ದಕ್ಕೆ ಯಾರೂ ಕಾರಣ ಕೇಳದಿರಲಿ. ಸುಗ್ಗಿ ಕುಣಿತ ಸುಲಭ, ಅದನ್ನು ಕಲಿಸಿ ಎಂದು ಯಾರಾದರೂ ಹೇಳಬಹುದು. ಹಾಲಕ್ಕಿ ಸಮುದಾಯದವರ ಪಾಲಿಗೆ ಅದು ಹಬ್ಬದ ಆಚರಣೆ. ಅವರೇ ಬಂದು ಕಲಿಸಲು ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಉತ್ತರ – ಕಾರವಾರದ ಸಿವಿಲ್ ಇಂಜಿನಿಯರ್

ವೇದಿಕೆಯ ಬಗ್ಗೆ ಹೇಳುತ್ತೇನೆ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಎಂಬುದು ಒಪ್ಪಿತ ಅಳತೆ. ಮೂರು ಅಡಿ ಎತ್ತರಕ್ಕೆ ಇಳಿಜಾರೇ 36 ಅಡಿ ಬೇಕು. ನಡುವೆ ನಿಲ್ಲಲು ಸಮತಟ್ಟಾದ ಜಾಗ, ಎರಡೂ ಕಡೆ ಹಿಡಿಕೆ ಬೇರೆ. ಹೆಚ್ಚಿನ ಸಭಾಭವನಗಳಲ್ಲಿ ಇಷ್ಟು ಜಾಗವಿರುವುದಿಲ್ಲವಾದ್ದರಿಂದ ಕೊನೆಗೆ ಹಲಗೆಯೊಂದನ್ನು ಒರಗಿಸಿ ನಾಲ್ಕು ಜನ ತಳ್ಳುವ ಏರ್ಪಾಟು ಮಾಡುತ್ತಾರೆ. ಅದು ಅಪಾಯಕಾರಿ, ಕುಳಿತವರಿಗೆ ಅವಮಾನಕರವೂ ಹೌದು. ವೇದಿಕೆಯನ್ನೇ ಬಿಟ್ಟುಬಿಡಿ. ಬಯಲಾಟದ ರಂಗಸ್ಥಳ ನೆಲದಲ್ಲೇ ಇರುತ್ತಿತ್ತು. ನೀವೂ ಸಭಾಭವನದ ನೆಲದಲ್ಲಿ ಆಡಿ, ಪ್ರೇಕ್ಷಕರು ಮೂರು ಕಡೆ ಕೂರಲಿ. ಉಳಿದ ಹಣವನ್ನು ಶೌಚಾಲಯದ ಬಾಗಿಲು ಅಗಲಿಸಲು ಬಳಸಿ, ಏಕೆಂದರೆ ಗಾಲಿಕುರ್ಚಿ ಒಳಗೆ ಹೋಗದಿದ್ದರೆ ಆ ಶಿಕ್ಷಕರು ಎರಡನೆಯ ವಾರ ಬರಲಾರರು.

ಸಮಯವನ್ನು ಬಸ್ಸು ನೋಡಿ ನಿಗದಿಪಡಿಸಿ. ಘಟ್ಟದ ಹಳ್ಳಿಗಳಿಗೆ ಕೊನೆಯ ಬಸ್ಸು ಬೇಗ ಹೊರಟುಬಿಡುತ್ತದೆ. ರಿಯಾಯಿತಿ ಪಾಸ್ ಕೈಯಲ್ಲಿದ್ದರೂ ಬಸ್ಸೇ ಇಲ್ಲದಿದ್ದರೆ ಪ್ರಯೋಜನವಿಲ್ಲ. ಭಾನುವಾರದ ಮಧ್ಯಾಹ್ನ ಒಳ್ಳೆಯದು.

ನೆರವು ಕೇಳುವಾಗ ಸಂಕೋಚ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಮು ಸಾಂಸ್ಕೃತಿಕ ಬದುಕಿನಲ್ಲಿ ಭಾಗವಹಿಸುವ ಹಕ್ಕಿನ ಕುರಿತೇ ಇದ್ದು, ವಿಕಲಚೇತನ ಕಲಾವಿದರಿಗೆ ನೆರವು ನೀಡುವುದನ್ನೂ ಅವರು ಭಾಗವಹಿಸಲು ಅನುಕೂಲವಾಗುವಂತೆ ಕಲಾ ಪಠ್ಯಕ್ರಮಗಳನ್ನು ಮರುರೂಪಿಸುವುದನ್ನೂ ಸರ್ಕಾರದ ಕ್ರಮಗಳಲ್ಲಿ ಸೇರಿಸಿದೆ. ಸ್ಥಳೀಯ ಸಂಸ್ಥೆಗಳಲ್ಲಿ ವಿಕಲಚೇತನರಿಗಾಗಿ 5% ಮೀಸಲು ನಿಧಿಯೂ ಇದೆ. ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತಿಳಿದಿರುತ್ತದೆ. ಮೊದಲು ಅವರನ್ನು ಕಾಣಿ.

ಉತ್ತರ – ಅಂಕೋಲೆಯಿಂದ

ನಾನು ಗಾಲಿಕುರ್ಚಿ ಬಳಸುವವನು, ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ಇಲ್ಲಿ ಯಾರೂ ಹೇಳದ ಎರಡು ಮಾತುಗಳಿವೆ.

ಮೊದಲನೆಯದು, ಈ ತರಗತಿಯನ್ನು ಯೋಜಿಸುವ ಸಮಿತಿಯಲ್ಲಿ ಹೆಸರು ಕೊಟ್ಟ ಐವರಲ್ಲಿ ಎಷ್ಟು ಜನರಿದ್ದಾರೆ? ಪ್ರಶ್ನೆಯಲ್ಲಿ ಅದರ ಸುಳಿವಿಲ್ಲ. ಆ ಶಿಕ್ಷಕರಿಗೆ ಅರ್ಥಗಾರಿಕೆಯಲ್ಲಿ ಆಸಕ್ತಿಯೇ ಇಲ್ಲದೆ ಮದ್ದಳೆಯ ಮೇಲೆ ಮನಸ್ಸಿರಬಹುದು. ಪಾತ್ರ ಹಂಚುವಾಗಲೂ ಹಾಗೆಯೇ: ಗಾಲಿಕುರ್ಚಿಯವರಿಗೆ ಸದಾ ಋಷಿಯ ಅಥವಾ ಕುರುಡನ ಪಾತ್ರ ಕೊಡುವುದನ್ನು ನೋಡಿ ನನಗೆ ಸಾಕಾಗಿದೆ. ನನಗೆ ಕೌರವ ಬೇಕು.

ಎರಡನೆಯದು ಸಂಭಾವನೆ. ಪ್ರದರ್ಶನದ ದಿನ ಹೊರಗಿನಿಂದ ಬಂದ ಭಾಗವತರಿಗೆ ಲಕೋಟೆ, ನಮಗೆ ಮಾತ್ರ ಪ್ರಮಾಣಪತ್ರ ಎಂದಾಗಬಾರದು. ಅಂದು ಎಲ್ಲರಿಗೂ ಲಕೋಟೆ ಕೊಡಿ, ಜೊತೆಗೆ ಬರುವ ಸಹಾಯಕರ ಬಸ್ ಖರ್ಚನ್ನು ಆರಂಭದ ವಾರದಿಂದಲೇ ಲೆಕ್ಕಕ್ಕೆ ಸೇರಿಸಿ. ಈ ಎರಡೂ ಅಂಶಗಳು ಅಂದಾಜುಪಟ್ಟಿಯಲ್ಲಿ ಇರುವುದಾದರೆ ಹೇಳಿ ಕಳುಹಿಸಿ, ಒಂದು ಭಾನುವಾರ ಬಂದು ನಿಮ್ಮ ಹೊಸ ಅರ್ಥಧಾರಿಗಳೊಂದಿಗೆ ಕೂರಲು ನಾನು ಸಿದ್ಧ.