ಎರಡು ಕೊರಿಯಾ ಒಂದಾಗೋದು ಅಲ್ಲಿನವರಿಗೇ ಬೇಡವಾಗಿದೆಯಾ?

ಸರಸ್ವತೀಪುರಂ ಟೀಚರ್, ಮೈಸೂರು:
ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜರ್ಮನಿ 1990ರಲ್ಲಿ ಒಂದಾಯಿತು, ಕೊರಿಯಾ ಯಾಕೆ ಆಗಲಿಲ್ಲ ಅಂತ ಮಕ್ಕಳು ಕೇಳಿದರು. ಕೊರಿಯಾದ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿರುವ ಹುಡುಗಿಯೊಬ್ಬಳು, "ಅಲ್ಲಿನವರಿಗೇ ಈಗ ಅದು ಬೇಕಿಲ್ಲ ಮಿಸ್" ಅಂದಳು. ನಿಜವಾ? ಅಲ್ಲಿದ್ದು ಬಂದವರು ದಯವಿಟ್ಟು ಹೇಳಿ.

ಮದ್ದೂರು ಹುಡುಗ:
ಕೆಲಸದ ಮೇಲೆ ದಕ್ಷಿಣ ಕೊರಿಯಾದ ಸುವೊನ್‌ನಲ್ಲಿದ್ದೆ ಮೇಡಂ. ಹುಡುಗಿ ಹೇಳಿದ್ದರಲ್ಲಿ ನಿಜ ಇದೆ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ 2007ರಿಂದ ಪ್ರತಿ ವರ್ಷ ದಕ್ಷಿಣದ ಜನರನ್ನು ಇದನ್ನೇ ಕೇಳುತ್ತಾ ಬಂದಿದೆ. ಮೊದಲ ಸಲ ನೂರಕ್ಕೆ ಸುಮಾರು 64 ಜನ "ಒಂದಾಗಬೇಕು" ಅಂದಿದ್ದರು. 2024ರಲ್ಲಿ ಅದು 37ಕ್ಕೆ ಇಳಿದಿತ್ತು.

ನನ್ನ ಟೀಮಿನ ಹುಡುಗರಿಗೆ ಉತ್ತರದವರ ಮೇಲೆ ದ್ವೇಷವೇನೂ ಇರಲಿಲ್ಲ. ಹದಿನೆಂಟು ತಿಂಗಳು ಕಡ್ಡಾಯ ಸೇನಾ ಸೇವೆ ಮುಗಿಸಿ, ಮನೆ ಅಡ್ವಾನ್ಸಿಗೆ ದುಡ್ಡು ಹೊಂದಿಸೋಕೆ ಒದ್ದಾಡುತ್ತಿದ್ದವರು. ಯುದ್ಧ ಆಗದಿದ್ದರೆ ಸಾಕು ಅನ್ನುತ್ತಿದ್ದರು. ಖರ್ಚಿನ ಭಯವೂ ಸುಳ್ಳಲ್ಲ. ಪೂರ್ವ ಜರ್ಮನಿಯ ಜನಸಂಖ್ಯೆ ಪಶ್ಚಿಮದ ಕಾಲು ಭಾಗ ಅಷ್ಟೇ ಇತ್ತು. ಉತ್ತರ ಕೊರಿಯಾದಲ್ಲಿ ಸುಮಾರು 2.6 ಕೋಟಿ ಜನ, ಅಂದರೆ ದಕ್ಷಿಣದ ಅರ್ಧ. ಬಡತನವೂ ಬಹಳ ಜಾಸ್ತಿ.

ಆದರೆ ನಮ್ಮ ಮ್ಯಾನೇಜರ್ ತಾಯಿ ಬೇರೆ. ಕೊರಿಯಾ ಯುದ್ಧದ ನಡುವೆ, 1950ರ ಡಿಸೆಂಬರಿನಲ್ಲಿ, ಉತ್ತರದ ಹುಂಗ್ನಾಮ್ ಬಂದರಿನಿಂದ ಹಡಗು ಹತ್ತಿ ಬಂದವರು, ತಮ್ಮ ಅಲ್ಲೇ ಉಳಿದ. ಚುಸೊಕ್ ಹಬ್ಬದ ದಿನ ಗಡಿ ಹತ್ತಿರದ ಇಮ್ಜಿನ್‌ಗಾಕ್‌ಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಊರಿಗೆ ಹೋಗಲಾಗದವರು ಅಲ್ಲಿ ಸೇಬು, ಒಣಮೀನು ಎಡೆ ಇಟ್ಟು, ಉತ್ತರಕ್ಕೆ ಮುಖ ಮಾಡಿ ಹಿರಿಯರಿಗೆ ಅಡ್ಡಬೀಳುತ್ತಾರೆ. ಅಜ್ಜಿಗೆ ಬಗ್ಗಿದರೆ ಏಳೋಕಾಗುತ್ತಿರಲಿಲ್ಲ. ಒಂದಾಗೋದೇ ಬೇಡ ಅನ್ನುವ ಮೊಮ್ಮಗನೇ ಪಕ್ಕದಲ್ಲಿ ಮಂಡಿಯೂರಿ, ತೋಳು ಹಿಡಿದು ಎಬ್ಬಿಸಿದ.

ಕುವೆಂಪುನಗರದ ಕೊಡಗಿನವ:
ಮೇಡಂ, ನಮ್ಮ ಜನರಲ್ ತಿಮ್ಮಯ್ಯನವರನ್ನೂ ಪಾಠಕ್ಕೆ ಸೇರಿಸಿ. 1953ರ ಕದನವಿರಾಮದ ನಂತರ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ ಯುದ್ಧಕೈದಿಗಳ ವಿಷಯ ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಸರಸ್ವತೀಪುರಂ ಟೀಚರ್:
ಖಂಡಿತ ಸೇರಿಸ್ತೀನಿ ಸರ್. ಉತ್ತರದ ಜನ ಏನಂತಾರೆ?

ಮದ್ದೂರು ಹುಡುಗ:
ಅಲ್ಲಿ ಜನರನ್ನು ಯಾರೂ ಹಾಗೆ ಕೇಳೋಕಾಗಲ್ಲ ಮೇಡಂ. ಸರ್ಕಾರವಂತೂ ತಿರುಗಿಬಿದ್ದಿದೆ. 2023ರ ಕೊನೆಗೆ ಕಿಮ್ ಜಾಂಗ್ ಉನ್, ಇವು ಎರಡು ಶತ್ರು ದೇಶಗಳು ಅಂದುಬಿಟ್ಟರು. ಮುಂದಿನ ತಿಂಗಳೇ ಪ್ಯಾಂಗ್ಯಾಂಗ್‌ನ ಏಕೀಕರಣ ಕಮಾನು ಕೆಡವಿದರು. ಸದ್ಯಕ್ಕಂತೂ ನನಗೆ ದಾರಿ ಕಾಣಿಸ್ತಿಲ್ಲ.

ಆದರೆ ದೇಶ ಒಂದಾಗೋದು ಬೇರೆ, ಅಕ್ಕ ತಮ್ಮ ಒಮ್ಮೆ ಭೇಟಿ ಆಗೋದು ಬೇರೆ ಅಲ್ವಾ? ಮೊದಲನೆಯದು ಕಾಯಬಹುದು. ಗಡಿಯಾಚೆ ಉಳಿದ ಮನೆಯವರನ್ನು ನೋಡೋಕೆ ಎರಡೂ ಸರ್ಕಾರಗಳು ಆಗಾಗ ಭೇಟಿ ಏರ್ಪಡಿಸುತ್ತಿದ್ದವು. ದಕ್ಷಿಣದಲ್ಲಿ ಅದಕ್ಕೆ ಹೆಸರು ಬರೆಸಿದವರು 1.3 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಜನ ತೀರಿಕೊಂಡಿದ್ದಾರೆ. ಕೊನೆಯ ಭೇಟಿ ನಡೆದದ್ದು 2018ರ ಆಗಸ್ಟ್‌ನಲ್ಲಿ, ಉತ್ತರದ ಕುಮ್ಗಾಂಗ್ ಬೆಟ್ಟದ ಹತ್ತಿರ. ಯಾರು ಹೋಗಬೇಕು ಅಂತ ಲಾಟರಿ ಎತ್ತುತ್ತಿದ್ದರು. ಅಜ್ಜಿಯ ಹೆಸರು ಬರಲೇ ಇಲ್ಲ.

ಮಕ್ಕಳಿಗೆ ದಕ್ಷಿಣ ಕೊರಿಯಾದ ಕೆಬಿಎಸ್ ಟಿವಿಯ 1983ರ ಕಾರ್ಯಕ್ರಮದ ವಿಡಿಯೊ ತೋರಿಸಿ. ಯುದ್ಧದಲ್ಲಿ ಚದುರಿಹೋದವರನ್ನು ಹುಡುಕಿಕೊಡೋಕೆ 138 ದಿನ ನಡೆಸಿದರು. ಹತ್ತು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಸೇರಿದವು. ಭಾಷೆ ಗೊತ್ತಿರಬೇಕಿಲ್ಲ.